ಗರ್ಭಿಣಿಯ ಜೀವಸತ್ವ ಮತ್ತು ವಿಮೆಯ ಕಾಲಗಣನೆ: ಮುಂಬಯಿಯಲ್ಲಿ ಆರಂಭವಾದ ಒಂದು ಶೋಧದ ಚರಿತ್ರೆ

1

ಗರ್ಭಿಣಿಯರಿಗೆ ಕೊಡುವ ಫೋಲಿಕ್ ಆಮ್ಲದ ಗುಳಿಗೆಯು ಇಂದು ದೊರೆಯುವ ಔಷಧಗಳಲ್ಲಿ ಅತ್ಯಂತ ಅಗ್ಗವಾದವುಗಳ ಸಾಲಿಗೆ ಸೇರುತ್ತದೆ. ಅದರ ಚರಿತ್ರೆಯ ಮೊದಲ ಅಧ್ಯಾಯಗಳು ನಡೆದುದು ಯೂರೋಪಿನ ಯಾವುದೋ ಪ್ರಯೋಗಶಾಲೆಯಲ್ಲಲ್ಲ. ಮುಂಬಯಿ, ಕೂನೂರು ಮತ್ತು ಮದರಾಸುಗಳಲ್ಲಿ. ಹೀಗಿದ್ದೂ, 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕಂಡಂತೆ, ಭಾರತದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿ ರಕ್ತಹೀನತೆಗೆ ಒಳಗಾದವರು. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಗಳನ್ನು ನಿಗದಿಯಾದ 180 ದಿನಗಳ ಕಾಲ ಸೇವಿಸಿದ ತಾಯಂದಿರು ಶೇ. 26.0 ಮಾತ್ರ. ಗುಳಿಗೆ ಅಗ್ಗವಾಗಿದೆ, ಸರಕಾರದ ಕೇಂದ್ರಗಳಲ್ಲಿ ಉಚಿತವಾಗಿಯೂ ದೊರೆಯುತ್ತದೆ; ಆದರೂ ಅದು ಸೇರಬೇಕಾದವರನ್ನು ಸೇರಬೇಕಾದ ಹೊತ್ತಿನಲ್ಲಿ ಸೇರುತ್ತಿಲ್ಲ. ಇದಕ್ಕೆ ಕಾರಣವೇನು?

ಬಡತನ, ಅಜ್ಞಾನ, ಆಡಳಿತದ ಆಲಸ್ಯ ಎಂಬ ರೂಢಿಯ ಉತ್ತರಗಳಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಅವು ಪೂರ್ಣವಾದ ಉತ್ತರಗಳಲ್ಲ. ಪ್ರಸ್ತುತ ಲೇಖನದ ವಾದವಿಷ್ಟು: ಈ ಸಮಸ್ಯೆಯ ಮೂಲವಿರುವುದು ಬೆಲೆಯಲ್ಲಿ ಮಾತ್ರವಲ್ಲ, ಕಾಲಗಣನೆಯಲ್ಲಿ. ನಮ್ಮ ಕಾಯಿದೆಗಳೂ ವಿಮಾ ಯೋಜನೆಗಳೂ ಗರ್ಭವನ್ನು ಹೆರಿಗೆಯ ದಿನದಿಂದ ಹಿಂದಕ್ಕೆ ಎಣಿಸುತ್ತ ಬಂದಿವೆ. ಜೀವಸತ್ವದ ಅಗತ್ಯವಾದರೋ ಗರ್ಭಧಾರಣೆಯ ಮುನ್ನಿನ ದಿನಗಳಿಂದ ಮುಂದಕ್ಕೆ ಎಣಿಸಬೇಕಾದುದು. ಈ ಎರಡು ಎಣಿಕೆಗಳು ಎಲ್ಲಿ ಬೇರೆಯಾದವು, ಏಕೆ ಕೂಡಲಿಲ್ಲ ಎಂಬುದನ್ನು ಸುಮಾರು ಒಂದು ಶತಮಾನದ ಘಟನೆಗಳ ಮೂಲಕ ಪರಿಶೀಲಿಸುವುದು ಇಲ್ಲಿನ ಉದ್ದೇಶ.

2

ಈ ಚರಿತ್ರೆಗೆ ಒಂದು ಆರಂಭವರ್ಷವನ್ನು ಗುರುತಿಸುವುದಾದರೆ 1928 ಸೂಕ್ತವಾದುದು. ಆ ವರ್ಷ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಸಾರ್ವತ್ರಿಕ ಮುಷ್ಕರ ನಡೆಯಿತು. ಅದೇ ಮುಷ್ಕರದ ದಿನಗಳಲ್ಲಿ ಮುಂಬಯಿಯ ಶಾಸನ ಪರಿಷತ್ತಿನ ಮುಂದೆ ಹೆರಿಗೆ ಸೌಲಭ್ಯದ ಮಸೂದೆಯೊಂದು ಚರ್ಚೆಗೆ ಬಂದಿತು. ಇದಕ್ಕೆ ಮುನ್ನ, 1924ರಲ್ಲಿ, ಎನ್. ಎಂ. ಜೋಶಿಯವರು ಕೇಂದ್ರ ಶಾಸನ ಸಭೆಯಲ್ಲಿ ಇಂಥದೇ ಮಸೂದೆಯನ್ನು ಮಂಡಿಸಿ ಸೋತಿದ್ದರು. 1928ರ ಜುಲೈ 28ರಂದು ಡಾ. ಬಿ. ಆರ್. ಅಂಬೇಡ್ಕರರು ಮುಂಬಯಿಯ ಮಸೂದೆಯನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಗೆ ಮುನ್ನ ಮತ್ತು ಅನಂತರ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತಕ್ಕೆ ಸಂಬಂಧಿಸಿದುದು, ಆದಕಾರಣ ಅದರ ಹೊರೆಯನ್ನು ಸರಕಾರವೂ ಬಹುಮಟ್ಟಿಗೆ ಹೊರಬೇಕಾದುದು ನ್ಯಾಯ ಎಂಬುದು ಅವರ ವಾದದ ತಿರುಳು. ಆದರೂ ಸ್ತ್ರೀಯರ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನು ಈ ಹೊರೆಯಿಂದ ಪಾರಾಗಲಾರನೆಂಬುದನ್ನೂ ಅವರು ಒಪ್ಪಿದ್ದರು.

ಮರುವರ್ಷ, 1929ರಲ್ಲಿ, ಮುಂಬಯಿ ಹೆರಿಗೆ ಸೌಲಭ್ಯ ಕಾಯಿದೆ ಜಾರಿಗೆ ಬಂದಿತು. ಆಗ ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಕಾರವಾರ ಸೀಮೆಗಳು ಮುಂಬಯಿ ಪ್ರಾಂತದೊಳಗೇ ಇದ್ದುವೆಂಬುದನ್ನು ನೆನೆದರೆ, ಈ ಪರಿಷತ್ತಿನ ಚರ್ಚೆ ಕನ್ನಡಿಗರ ಶಾಸನ ಚರಿತ್ರೆಯ ಭಾಗವೂ ಹೌದು. ಕಾಯಿದೆಯು ಕೊಟ್ಟುದು ಹೆರಿಗೆಯ ಹಿಂದುಮುಂದಿನ ಕೆಲವು ವಾರಗಳಿಗೆ ದಿನಕ್ಕೆ ಎಂಟಾಣೆಯಂತೆ ನಗದು ಭತ್ಯೆ. ಅದನ್ನು ತೆರಬೇಕಾದವನು ಗಿರಣಿಯ ಮಾಲೀಕ. ಗರ್ಭಿಣಿಯ ಆಹಾರ, ಔಷಧ, ವೈದ್ಯಕೀಯ ತಪಾಸಣೆಗಳು ಈ ಭತ್ಯೆಯ ಕಲ್ಪನೆಯೊಳಗೆ ಬಂದಿರಲಿಲ್ಲ. ಗರ್ಭವೆಂದರೆ ಕೂಲಿ ನಷ್ಟವಾಗುವ ಕೆಲವು ವಾರಗಳು ಎಂಬ ತಿಳುವಳಿಕೆಯ ಮೇಲೆ ಈ ಶಾಸನ ನಿಂತಿತ್ತು. ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗರ್ಭವನ್ನು ಹೆರಿಗೆಯಿಂದ ಹಿಂದಕ್ಕೆ ಎಣಿಸುವ ಕ್ರಮವೂ ಇದರೊಂದಿಗೇ ನಮ್ಮ ಶಾಸನಗಳೊಳಗೆ ನೆಲೆಗೊಂಡಿತು.

3

ಅದೇ 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದಳು. 1888ರಲ್ಲಿ ಹುಟ್ಟಿದ ಈಕೆ ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನಗಳನ್ನು ಓದಿ, ಬಳಿಕ ಲಂಡನ್ನಿನಲ್ಲಿ ವೈದ್ಯಕೀಯ ಪದವಿ ಪಡೆದವಳು. ಭಾರತದಲ್ಲಿ ಬಾಣಂತಿಯರ ಮರಣಕ್ಕೆ ಕಾರಣಗಳೇನೆಂಬುದನ್ನು ಶೋಧಿಸುವ ಯೋಜನೆಯೊಂದರಲ್ಲಿ ಡಾ. ಮಾರ್ಗರೆಟ್ ಬಾಲ್ಫರ್ ಅವರ ಆಹ್ವಾನದ ಮೇರೆಗೆ ಆಕೆ ಪರೇಲಿನ ಹಾಫ್‌ಕಿನ್ ಸಂಸ್ಥೆಯಲ್ಲಿ ಕೆಲಸಕ್ಕೆ ತೊಡಗಿದಳು. ಗರ್ಭಿಣಿಯರಲ್ಲಿ ಕಾಣಿಸಿಕೊಳ್ಳುತ್ತಿದ್ದ ಒಂದು ಬಗೆಯ ತೀವ್ರ ರಕ್ತಹೀನತೆ ಆಕೆಯ ಅಧ್ಯಯನದ ವಸ್ತು. ಇದರಲ್ಲಿ ರಕ್ತಕಣಗಳು ಗಾತ್ರದಲ್ಲಿ ದೊಡ್ಡವಾಗಿ, ಸಂಖ್ಯೆಯಲ್ಲಿ ಕುಗ್ಗುತ್ತಿದ್ದವು.

ಮೊದಲು ಸೋಂಕಿನ ಶಂಕೆಯಿಂದ ಪರೀಕ್ಷೆಗಳು ನಡೆದವು. ಅದಕ್ಕೆ ಆಧಾರ ದೊರೆಯಲಿಲ್ಲ. ಆಗ ಆಕೆಯ ದೃಷ್ಟಿ ಆಹಾರದತ್ತ ಹೊರಳಿತು. ಮುಂಬಯಿಯ ಬಡ ಮುಸ್ಲಿಂ ಕುಟುಂಬಗಳ ಸ್ತ್ರೀಯರಲ್ಲಿ ಈ ರೋಗ ಹೆಚ್ಚೆಂದೂ, ಅವರ ಆಹಾರದಲ್ಲಿ ಹಣ್ಣು, ತರಕಾರಿ, ಸಸಾರಜನಕಗಳು ಬಹಳ ಕಡಮೆಯೆಂದೂ ಆಕೆ ಕಂಡುಕೊಂಡಳು. 1929ರಲ್ಲಿ ಕೆಲವು ತಿಂಗಳು ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ, ರಾಬರ್ಟ್ ಮ್ಯಾಕ್‌ಕ್ಯಾರಿಸನ್ನರು ಪೋಷಣೆಯ ಸಂಶೋಧನೆಯನ್ನು ನಡೆಸುತ್ತಿದ್ದಲ್ಲಿ, ಇಲಿಗಳಿಗೆ ಇಂಥದೇ ಆಹಾರ ಕೊಟ್ಟು ಪರೀಕ್ಷಿಸಿದಳು. ಆಹಾರಕ್ಕೆ ಯೀಸ್ಟ್ ಬೆರೆಸಿದಾಗ ಗರ್ಭಿಣಿ ಇಲಿಗಳ ರಕ್ತಹೀನತೆಯನ್ನು ತಡೆಯಲು ಸಾಧ್ಯವಾಯಿತು. 1931ರಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯ ಕ್ಯಾಸ್ಟ್ ಅಂಡ್ ಗೋಶಾ ಆಸ್ಪತ್ರೆಯಲ್ಲಿಯೂ (ಇಂದಿನ ಕಸ್ತೂರಬಾ ಗಾಂಧಿ ಆಸ್ಪತ್ರೆ) ಆಕೆ ಕೆಲಸ ಮಾಡಿದಳು. ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಆಕೆಯ ಪ್ರಬಂಧವು ಯೀಸ್ಟ್ ಸಾರದಿಂದ ರೋಗಿಗಳು ಗುಣ ಹೊಂದಿದುದನ್ನು ಜಗತ್ತಿಗೆ ತಿಳಿಸಿತು.

ಇಲ್ಲಿ ಬೆಲೆಯ ಸಂಗತಿಯೊಂದನ್ನು ಗಮನಿಸಬೇಕು. 1926ರಿಂದ ಮಾರಕ ರಕ್ತಹೀನತೆಗೆ ಯಕೃತ್ತಿನ ಚಿಕಿತ್ಸೆ ಬಳಕೆಗೆ ಬಂದಿತ್ತು; ಅದನ್ನು ಕಂಡುಹಿಡಿದವರಿಗೆ 1934ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂದಿತು. ಆದರೆ ಯಕೃತ್ತಿನ ಸಾರ ದುಬಾರಿಯಾದುದು. ವಿಲ್ಸ್ ಬಳಸಿದ ಮಾರ್ಮೈಟ್ ಮದ್ಯ ತಯಾರಿಕೆಯ ಉಳಿಕೆಯಾದ ಯೀಸ್ಟಿನಿಂದ ಮಾಡಿದ್ದು. ರೊಟ್ಟಿಗೆ ಸವರಿಕೊಂಡು ತಿನ್ನುವ ಸಾಧಾರಣ ಪದಾರ್ಥ. ಇನ್ನೂ ಮುಖ್ಯವಾದುದೆಂದರೆ, ಯಕೃತ್ತಿನ ಶುದ್ಧೀಕರಿಸಿದ ಸಾರ ಈ ರೋಗಕ್ಕೆ ನಾಟಲಿಲ್ಲ. ಯೀಸ್ಟಿನಲ್ಲಿದ್ದ ಯಾವುದೋ ಬೇರೆಯ ಅಂಶ ನಾಟಿತು. ಹೆಸರಿಲ್ಲದ ಆ ಅಂಶವನ್ನು ವಿದ್ವಾಂಸರು ಬಹುಕಾಲ ‘ವಿಲ್ಸ್ ಅಂಶ’ವೆಂದೇ ಕರೆದರು. ಬಡ ಗರ್ಭಿಣಿಯರ ರೋಗಕ್ಕೆ ಬಡವರ ಕೈಗೆಟುಕುವ ಮದ್ದು ದೊರೆತಿತ್ತು. ಶಾಸನ ಪರಿಷತ್ತು ಎಂಟಾಣೆಯ ಭತ್ಯೆಯನ್ನು ಗೊತ್ತುಪಡಿಸಿದ ನಗರದಲ್ಲಿಯೇ, ಅದೇ ವರ್ಷಗಳಲ್ಲಿ, ಈ ಶೋಧವೂ ನಡೆಯಿತು. ಆದರೆ ಶಾಸನವು ಕೂಲಿಯನ್ನು ನೋಡಿತು, ಶೋಧವು ಆಹಾರವನ್ನು ನೋಡಿತು. ಎರಡೂ ಒಂದರೊಡನೊಂದು ಮಾತನಾಡಲಿಲ್ಲ.

4

1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಇಂಥ ಅಂಶವೊಂದನ್ನು ಬೇರ್ಪಡಿಸಿದರು. ಎಲೆಗೆ ಲ್ಯಾಟಿನ್ ಭಾಷೆಯಲ್ಲಿ ಫೋಲಿಯಂ ಎಂದು ಹೆಸರಾದುದರಿಂದ ಅದನ್ನು ಫೋಲಿಕ್ ಆಮ್ಲವೆಂದು ಕರೆದರು. ಕನ್ನಡದಲ್ಲಿ ಹೇಳುವುದಾದರೆ ‘ಸೊಪ್ಪಿನ ಸತ್ವ’. 1945ರಲ್ಲಿ ಲೆಡರ್ಲೆ ಪ್ರಯೋಗಶಾಲೆಯ ತಂಡ ಅದನ್ನು ಕೃತಕವಾಗಿ ತಯಾರಿಸಿತು. ಆ ತಂಡದ ಸಂಶೋಧನೆಯ ನೇತೃತ್ವ ವಹಿಸಿದ್ದವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ವಿಲ್ಸ್ ಅಂಶವೂ ಫೋಲಿಕ್ ಆಮ್ಲವೂ ಒಂದೇ ವರ್ಗದ ಪದಾರ್ಥಗಳೆಂಬುದು ಹೀಗೆ ಸ್ಪಷ್ಟವಾಯಿತು. ಕೃತಕ ತಯಾರಿಕೆಯಿಂದ ಗುಳಿಗೆಯ ಬೆಲೆ ಇಳಿಯುವ ದಾರಿಯೂ ತೆರೆಯಿತು.

ಕೂನೂರಿನ ಪೋಷಣ ಸಂಶೋಧನಾಲಯವು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರು ಪಡೆಯಿತು. 1970ರಲ್ಲಿ ಭಾರತ ಸರಕಾರ ಪೋಷಣಾಭಾವದ ರಕ್ತಹೀನತೆಯನ್ನು ತಡೆಯುವ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಗುಳಿಗೆಯನ್ನು 100 ದಿನಗಳ ಕಾಲ ಗರ್ಭಿಣಿಯರಿಗೆ ಉಚಿತವಾಗಿ ಹಂಚುವುದು ಅದರ ರೂಪ. ಇಲ್ಲಿ ಗಮನಾರ್ಹವಾದುದು, ಗುಳಿಗೆ ಬಂದುದು ವಿಮೆಯ ಮೂಲಕವಲ್ಲ, ಹಂಚಿಕೆಯ ಮೂಲಕ ಎಂಬುದು. ಹಕ್ಕಿನಿಂದ ಪಡೆಯುವುದಕ್ಕೂ ಹಂಚಿದಾಗ ಪಡೆಯುವುದಕ್ಕೂ ವ್ಯತ್ಯಾಸವಿದೆ. ಹಂಚಿಕೆಯಲ್ಲಿ ದಾಸ್ತಾನು ಮುಗಿದರೆ ಕೇಳುವವರಿಗೆ ಉತ್ತರವಿಲ್ಲ. ಗುಳಿಗೆಯಿಂದ ವಾಕರಿಕೆಯಾದರೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂಬ ಭಯ ಹುಟ್ಟಿದರೆ, ಅದನ್ನು ಬಿಡಿಸಿ ಹೇಳಬೇಕಾದ ವೈದ್ಯನ ಭೇಟಿ ಆ ಹಂಚಿಕೆಯೊಂದಿಗೆ ಸೇರಿ ಬರುವುದೆಂಬ ಭರವಸೆಯೂ ಇಲ್ಲ.

5

ಇನ್ನು ವಿಮೆಯ ಕಡೆಗೆ ಬರಬಹುದು. 1929ರ ಮಾದರಿಯ ಕಾಯಿದೆಗಳಲ್ಲಿ ಒಂದು ದೋಷವಿತ್ತು. ಭತ್ಯೆಯನ್ನು ಆಯಾ ಮಾಲೀಕನೇ ತೆರಬೇಕಾದುದರಿಂದ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳದಿರುವುದೇ ಅವನಿಗೆ ಲಾಭವಾಗುವಂತಿತ್ತು. ಹೊರೆಯನ್ನು ಎಲ್ಲರಿಗೂ ಹಂಚುವ ಸಾಮಾಜಿಕ ವಿಮೆಯೇ ಇದಕ್ಕೆ ಪರಿಹಾರವೆಂಬ ವಿಚಾರ ಬಲಗೊಂಡಿತು. ಪ್ರೊ. ಬಿ. ಪಿ. ಅಡಾರ್ಕರ್ ಅವರು 1944ರಲ್ಲಿ ಕೈಗಾರಿಕಾ ಕಾರ್ಮಿಕರ ಆರೋಗ್ಯ ವಿಮೆಯನ್ನು ಕುರಿತು ವರದಿ ಸಲ್ಲಿಸಿದರು. ಅದರ ಫಲವಾಗಿ 1948ರಲ್ಲಿ ಕಾರ್ಮಿಕ ರಾಜ್ಯ ವಿಮಾ ಕಾಯಿದೆ ರೂಪುಗೊಂಡು, ಯೋಜನೆಯು 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾಯಿತು. ಜನರ ಬಾಯಲ್ಲಿ ಇ.ಎಸ್.ಐ. ಎಂದು ನಿಂತ ಈ ಯೋಜನೆಯಲ್ಲಿ ನಗದು ಭತ್ಯೆಯೊಂದಿಗೆ ಚಿಕಿತ್ಸಾಲಯವೂ ಔಷಧವೂ ಸೇರಿದುವು. ಗರ್ಭಿಣಿಯ ಗುಳಿಗೆಗೆ ವಿಮೆಯೊಳಗೆ ಸ್ಥಾನ ದೊರೆತ ಮೊದಲ ವ್ಯವಸ್ಥೆ ಇದೇ ಎನ್ನಬಹುದು. ಆದರೆ ಅದರ ವ್ಯಾಪ್ತಿ ಸಂಘಟಿತ ಉದ್ಯಮಗಳಲ್ಲಿ ನಿಗದಿತ ವೇತನಮಿತಿಯೊಳಗೆ ದುಡಿಯುವವರಿಗೆ ಸೀಮಿತ. 2017ರ ಜನವರಿಯಿಂದ ಆ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಹೊಲದಲ್ಲಿ, ಮನೆಗೆಲಸದಲ್ಲಿ, ಬೀಡಿ ಕಟ್ಟುವುದರಲ್ಲಿ, ಕಟ್ಟಡದ ಕೂಲಿಯಲ್ಲಿ ಇರುವ ಬಹುಸಂಖ್ಯಾತ ಸ್ತ್ರೀಯರು ಹೊರಗೇ ಉಳಿದರು.

1961ರ ಹೆರಿಗೆ ಸೌಲಭ್ಯ ಕಾಯಿದೆಯು ಇನ್ನೊಂದು ಎಳೆ. ಮಾಲೀಕನು ಹೆರಿಗೆಗೆ ಮುನ್ನಿನ ಮತ್ತು ಅನಂತರದ ಆರೈಕೆಯನ್ನು ಉಚಿತವಾಗಿ ಒದಗಿಸದಿದ್ದಲ್ಲಿ ಅದರ ಬದಲಿಗೆ ‘ವೈದ್ಯಕೀಯ ಬೋನಸ್’ ಕೊಡಬೇಕೆಂದು ಅದು ವಿಧಿಸಿತು. ಆರಂಭದಲ್ಲಿ ಅದು 25 ರೂಪಾಯಿ. 2008ರಲ್ಲಿ 1,000 ರೂಪಾಯಿ. 2011ರಲ್ಲಿ 3,500 ರೂಪಾಯಿ. ರಜೆಯ ಅವಧಿಯು 2017ರ ತಿದ್ದುಪಡಿಯಿಂದ 12 ವಾರಗಳಿಂದ 26 ವಾರಗಳಿಗೆ ಏರಿತು. ರಜೆಯ ಕುರಿತು ನಡೆದಷ್ಟು ಚರ್ಚೆ ಈ ಬೋನಸ್ಸಿನ ಕುರಿತು ನಡೆಯಲಿಲ್ಲ. ಒಂಬತ್ತು ತಿಂಗಳ ಆರೈಕೆಯ ಹೊಣೆಯು ಒಂದು ಇಡಿಗಂಟಿನ ಮೊತ್ತದಲ್ಲಿ ತೀರಿಹೋಗುವುದೆಂಬ ಭಾವನೆ ಇದರ ಹಿಂದಿದೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯ ವಿಮೆಯು ಕೋಟ್ಯಂತರ ಬಡ ಕುಟುಂಬಗಳನ್ನು ಒಳಗೊಂಡಿತು. ಆದರೆ ಅದು ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾಗುವುದಕ್ಕೆ ಸಂಬಂಧಿಸಿದುದು. ದಾಖಲಾತಿಗೆ ಮುನ್ನ 3 ದಿನ, ಬಿಡುಗಡೆಯ ಬಳಿಕ 15 ದಿನಗಳ ವೆಚ್ಚ ಅದರೊಳಗೆ ಬರುತ್ತದೆ. ಗರ್ಭದ ಮೊದಲ ತಿಂಗಳ ಗುಳಿಗೆ ಈ ಲೆಕ್ಕದಲ್ಲಿ ಬರಲಾರದು. ಖಾಸಗಿ ವಿಮೆಯ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಹೆರಿಗೆಯನ್ನು ಕೈಬಿಟ್ಟಿರುತ್ತಾರೆ, ಇಲ್ಲವೇ ಕೆಲವು ತಿಂಗಳಿಂದ ಕೆಲವು ವರ್ಷಗಳವರೆಗೆ ಕಾಯುವ ಅವಧಿಯನ್ನು ವಿಧಿಸಿ, ಹೆರಿಗೆಯ ವೆಚ್ಚಕ್ಕೊಂದು ಮಿತಿ ಹಾಕಿರುತ್ತಾರೆ. ಹೊರರೋಗಿಯ ಔಷಧದ ಚೀಟಿಗೆ ಅಲ್ಲಿ ಬೆಲೆಯಿರುವುದು ಅಪರೂಪ.

ವಿಮೆಯ ತತ್ತ್ವದಲ್ಲಿಯೇ ಇದಕ್ಕೊಂದು ಕಾರಣ ಹುದುಗಿದೆ. ವಿಮೆ ಹುಟ್ಟಿದುದು ಅನಿಶ್ಚಿತವಾದ ದೊಡ್ಡ ನಷ್ಟವನ್ನು ಹಲವರಿಗೆ ಹಂಚುವುದಕ್ಕಾಗಿ: ಹಡಗು ಮುಳುಗುವುದು, ಮನೆಗೆ ಬೆಂಕಿ ಬೀಳುವುದು, ಅಕಾಲ ಮರಣ. ಗರ್ಭಿಣಿಯ ಜೀವಸತ್ವದ ವೆಚ್ಚವಾದರೋ ನಿಶ್ಚಿತವಾದುದು ಮತ್ತು ಚಿಕ್ಕದು. ಲೆಕ್ಕಿಗನ ದೃಷ್ಟಿಯಲ್ಲಿ ಇದು ವಿಮೆಗೆ ಒಗ್ಗದ ವಸ್ತು. ಆದರೆ ಆ ಚಿಕ್ಕ ವೆಚ್ಚವನ್ನು ಮಾಡದಿದ್ದರೆ ಉಂಟಾಗುವ ನಷ್ಟ ಅನಿಶ್ಚಿತವೂ ಹೌದು, ದೊಡ್ಡದೂ ಹೌದು. ಹೀಗೆ ನೋಡಿದರೆ ಗುಳಿಗೆಯ ವೆಚ್ಚವು ನಷ್ಟವನ್ನು ತಡೆಯುವ ವೆಚ್ಚವಾಗುತ್ತದೆ. ಅದನ್ನು ವಿಮೆಯ ಹೊರಗಿಡುವುದು ವಿಮೆಗೇ ಹಿತವಲ್ಲ.

ಬೆಲೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ಫೋಲಿಕ್ ಆಮ್ಲವೂ ಕಬ್ಬಿಣದೊಡನೆ ಅದರ ಮಿಶ್ರಣವೂ ಭಾರತದ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. 2013ರ ಬೆಲೆ ನಿಯಂತ್ರಣ ಆದೇಶದ ಮೇರೆಗೆ ಪಟ್ಟಿಯಲ್ಲಿರುವ ರೂಪಗಳಿಗೆ ಗರಿಷ್ಠ ಬೆಲೆ ಗೊತ್ತುಪಡಿಸಲಾಗುತ್ತದೆ. ಆದರೆ ಖಾಸಗಿ ಚಿಕಿತ್ಸಾಲಯಗಳ ಚೀಟಿಗಳಲ್ಲಿ ಹಲವೊಮ್ಮೆ ಕಾಣುವುದು ಬಗೆಬಗೆಯ ಜೀವಸತ್ವಗಳನ್ನು ಕೂಡಿಸಿದ, ಆ ಪಟ್ಟಿಗೆ ಸೇರದ ಮಿಶ್ರಣಗಳು. ಅವುಗಳ ಬೆಲೆ ಸಾದಾ ಗುಳಿಗೆಯ ಹಲವು ಪಟ್ಟು. ವಿಮೆಯ ರಕ್ಷಣೆಯೂ ಇಲ್ಲದೆ, ಬೆಲೆಯ ಮಿತಿಯೂ ಇಲ್ಲದೆ, ಮಧ್ಯಮ ಆದಾಯದ ಕುಟುಂಬ ಕೈಯಿಂದ ಹಣ ಕೊಡುತ್ತದೆ. ಅದಕ್ಕಿಂತ ಕೆಳಗಿನ ಕುಟುಂಬ ಚೀಟಿಯನ್ನು ಮಡಿಸಿಟ್ಟು ಸುಮ್ಮನಾಗುತ್ತದೆ.

6

ಈ ಚರಿತ್ರೆಗೆ 1991ರಲ್ಲಿ ಹೊಸ ತಿರುವು ಬಂದಿತು. ಅಲ್ಲಿಯವರೆಗೆ ಫೋಲಿಕ್ ಆಮ್ಲ ತಾಯಿಯ ರಕ್ತದ ಪ್ರಶ್ನೆಯಾಗಿತ್ತು. ಈಗ ಅದು ಶಿಶುವಿನ ಅಂಗರಚನೆಯ ಪ್ರಶ್ನೆಯೂ ಆಯಿತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿಯು 7 ದೇಶಗಳ 33 ಕೇಂದ್ರಗಳಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ ಆ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಿಂದೊಮ್ಮೆ ನರನಾಳ ದೋಷವಿದ್ದ ಶಿಶುವನ್ನು ಧರಿಸಿದ್ದ ಸ್ತ್ರೀಯರಲ್ಲಿ, ಗರ್ಭಧಾರಣೆಗೆ ಮುನ್ನವೇ ಫೋಲಿಕ್ ಆಮ್ಲವನ್ನು ಆರಂಭಿಸಿದರೆ, ಆ ದೋಷ ಮರುಕಳಿಸುವುದನ್ನು ಶೇ. 72ರಷ್ಟು ತಡೆಯಬಹುದೆಂದು ಅದು ತೋರಿಸಿತು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ನಡೆಸುತ್ತಿದ್ದ ಇಂಥದೇ ಪರೀಕ್ಷೆಯನ್ನು ಈ ಫಲಿತಾಂಶದ ಬಳಿಕ ನಿಲ್ಲಿಸಲಾಯಿತು. 1992ರಲ್ಲಿ ಹಂಗೆರಿಯ ಚೈಜೆಲ್ ಮತ್ತು ದುದಾಶ್ ಎಂಬ ಸಂಶೋಧಕರು, ಇಂಥ ಹಿನ್ನೆಲೆಯಿಲ್ಲದ ಸ್ತ್ರೀಯರಲ್ಲಿಯೂ ಜೀವಸತ್ವಗಳಿಂದ ಈ ದೋಷವನ್ನು ತಡೆಯಬಹುದೆಂದು ತೋರಿಸಿದರು.

ಶಿಶುವಿನ ಮಿದುಳು ಮತ್ತು ಬೆನ್ನುಹುರಿಗಳಾಗಿ ಬೆಳೆಯುವ ನರನಾಳವು ಗರ್ಭಧಾರಣೆಯ ಬಳಿಕ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿ ಎರಡು ವಾರ ಕಳೆಯುವಷ್ಟರಲ್ಲಿ ಈ ಕೆಲಸ ಮುಗಿದಿರುತ್ತದೆ. ತಾನು ಗರ್ಭಿಣಿಯೆಂದು ಎಷ್ಟೋ ಸ್ತ್ರೀಯರಿಗೆ ತಿಳಿಯುವ ಮುನ್ನವೇ ಗುಳಿಗೆಯ ಮುಖ್ಯ ಕಾಲ ಕಳೆದುಹೋಗುತ್ತದೆ. ಐದನೆಯ ಸಮೀಕ್ಷೆಯ ಪ್ರಕಾರ ಮೊದಲ ಮೂರು ತಿಂಗಳಲ್ಲಿ ತಪಾಸಣೆಗೆ ಹೋದವರು ಶೇ. 70.0, ಹೀಗೆ ಹೋದವರಲ್ಲಿಯೂ ಹಲವರಿಗೆ ಆ ಹೊತ್ತು ಮೀರಿರುತ್ತದೆ. 2018ರ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮವು ಕಬ್ಬಿಣದ ಗುಳಿಗೆಯನ್ನು ನಾಲ್ಕನೆಯ ತಿಂಗಳಿಂದ 180 ದಿನಗಳ ಕಾಲ ಕೊಡಬೇಕೆಂದಿತು. ರಕ್ತಹೀನತೆಯ ದೃಷ್ಟಿಯಿಂದ ಇದು ಯುಕ್ತವಾದುದೇ. ಗರ್ಭಕ್ಕೆ ಮುನ್ನ ಮತ್ತು ಮೊದಲ ತಿಂಗಳುಗಳಲ್ಲಿ ಫೋಲಿಕ್ ಆಮ್ಲ ಬೇಕೆಂಬ ಸೂಚನೆಯೂ ಅದರಲ್ಲಿದೆ. ಆದರೆ ಇನ್ನೂ ಗರ್ಭಿಣಿಯಲ್ಲದ ಸ್ತ್ರೀಯನ್ನು ಯಾವ ಪಟ್ಟಿಯಲ್ಲಿ ಬರೆದುಕೊಳ್ಳುವುದು?

ಅಮೆರಿಕದಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ರೂಪುಗೊಂಡಿತು. ಗರ್ಭ ಧರಿಸುವ ಯೋಚನೆಯಿರುವ ಅಥವಾ ಸಾಧ್ಯತೆಯಿರುವ ಎಲ್ಲ ಸ್ತ್ರೀಯರೂ ದಿನಕ್ಕೆ 400ರಿಂದ 800 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕೆಂದು ಅಲ್ಲಿನ ತಜ್ಞರ ಮಂಡಳಿ 2009ರಲ್ಲಿ ಉನ್ನತ ಶ್ರೇಣಿಯ ಶಿಫಾರಸು ಮಾಡಿತು. 2010ರ ಆರೋಗ್ಯ ವಿಮಾ ಸುಧಾರಣೆಯ ಕಾಯಿದೆಯು ಇಂಥ ಶಿಫಾರಸುಗಳಿಗೆ ರೋಗಿಯಿಂದ ಪಾಲು ಕೇಳದೆ ವೆಚ್ಚ ಭರಿಸಬೇಕೆಂದು ಬಹುಪಾಲು ಖಾಸಗಿ ವಿಮಾ ಯೋಜನೆಗಳಿಗೆ ಕಡ್ಡಾಯಗೊಳಿಸಿತು. ಅಲ್ಲಿಯೂ ವಿಮೆಯಿಲ್ಲದವರಿದ್ದಾರೆ, ವ್ಯವಸ್ಥೆ ನಿರ್ದೋಷವೆಂದು ಇದರ ಅರ್ಥವಲ್ಲ. ನಮಗೆ ಮುಖ್ಯವಾದುದು ಅದರ ವರ್ಗೀಕರಣ. ಅಲ್ಲಿ ಗುಳಿಗೆಯನ್ನು ಹೆರಿಗೆ ಸೌಲಭ್ಯದ ಅಡಿಯಲ್ಲಿ ಇಡದೆ ರೋಗನಿರೋಧದ ಅಡಿಯಲ್ಲಿ ಇಟ್ಟರು. ಆದ್ದರಿಂದ ಹೆರಿಗೆಯ ದಿನದಿಂದ ಹಿಂದಕ್ಕೆ ಎಣಿಸುವ ಅಗತ್ಯ ಬೀಳಲಿಲ್ಲ.

7

ಹಿಂದಕ್ಕೆ ಎಣಿಸುವ ಈ ಅಭ್ಯಾಸ ಆಧುನಿಕ ಶಾಸನಗಳದು ಮಾತ್ರವಲ್ಲ. ಗರ್ಭವು ನಾಲ್ಕನೆಯ ತಿಂಗಳಲ್ಲಿ ಹೃದಯವನ್ನು ಪಡೆಯುವುದರಿಂದ ಗರ್ಭಿಣಿಯು ಎರಡು ಹೃದಯದವಳಾಗುವಳೆಂದು ಸುಶ್ರುತಸಂಹಿತೆ ಹೇಳುತ್ತದೆ. ಕಾವ್ಯಗಳಲ್ಲಿ ಬರುವ ದೌಹೃದ ವರ್ಣನೆಯ ಹಿನ್ನೆಲೆ ಇದು. ಕನ್ನಡ ಕಾವ್ಯಗಳಲ್ಲಿಯೂ ಜನಪದ ಗೀತಗಳಲ್ಲಿಯೂ ಬಸುರಿಯ ಬಯಕೆಯನ್ನು ತೀರಿಸುವುದು ಮನೆತನದ ಧರ್ಮ. ಸೀಮಂತವು ಸಾಮಾನ್ಯವಾಗಿ ಐದನೆಯ ಅಥವಾ ಏಳನೆಯ ತಿಂಗಳಿನದು. ಗರ್ಭಿಣಿಗೆ ಪೋಷಣೆಯನ್ನು ಕೊಡುವುದು ಸಮುದಾಯದ ಹೊಣೆ ಎಂಬ ತಿಳುವಳಿಕೆ ಈ ಆಚರಣೆಗಳಲ್ಲಿ ಸ್ಪಷ್ಟವಾಗಿದೆ; ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಸಮುದಾಯವೂ ಗರ್ಭವನ್ನು ಗುರುತಿಸುವುದು ಅದು ಕಣ್ಣಿಗೆ ಕಂಡ ಬಳಿಕ. ಕಣ್ಣಿಗೆ ಕಾಣದ ಮೊದಲ ನಾಲ್ಕು ವಾರಗಳು ಈ ಆಚರಣೆಗಳಲ್ಲಿಯೂ ಶಾಸನದಲ್ಲಿಯೂ ಬಹುಮಟ್ಟಿಗೆ ಖಾಲಿ.

ಹೊರನಾಡ ಕನ್ನಡಿಗರ ವಿಷಯದಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ವಾಡಿಕೆ ನಮ್ಮಲ್ಲಿ ಬಲವಾಗಿದೆ. ಮುಂಬಯಿ, ಪುಣೆ ಅಥವಾ ಹೈದರಾಬಾದಿನಲ್ಲಿ ಗರ್ಭವನ್ನು ನೋಂದಾಯಿಸಿದವಳು ಏಳನೆಯ ತಿಂಗಳಿಗೆ ಕಲಬುರಗಿಗೋ ಉಡುಪಿಗೋ ಹೋದಾಗ, ಒಂದು ರಾಜ್ಯದ ದಾಖಲೆ ಇನ್ನೊಂದು ರಾಜ್ಯದ ತಾಯಿ ಕಾರ್ಡಿಗೆ ಹೊಂದಿಕೊಳ್ಳಬೇಕು. ಗುಳಿಗೆಯ ಸರಣಿ ಮುರಿಯದೆ ಮುಂದುವರಿಯಬೇಕು. ಗಂಡನ ಇ.ಎಸ್.ಐ. ಚೀಟಿ ಒಂದೂರಿನಲ್ಲಿ, ಹೆಂಡತಿಯ ಹೆರಿಗೆ ಇನ್ನೊಂದೂರಿನಲ್ಲಿ. ಕೂಲಿಗೆಂದು ವಲಸೆ ಬಂದವರಿಗೆ ಆ ಚೀಟಿಯೂ ಇಲ್ಲ.

1929ರಿಂದ ಈಚೆಗೆ ಆದ ಸಾಧನೆಯನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಎಂಟಾಣೆಯ ಭತ್ಯೆಯಿಂದ 26 ವಾರಗಳ ರಜೆಯವರೆಗೆ, ಯೀಸ್ಟ್ ಸಾರದಿಂದ ಉಚಿತ ಗುಳಿಗೆಯವರೆಗೆ ದೇಶ ಬಹುದೂರ ಬಂದಿದೆ. ಆದರೆ ಶಾಸನದ ಧಾರೆಯೂ ಶೋಧದ ಧಾರೆಯೂ 1928ರಲ್ಲಿ ಒಂದೇ ನಗರದಲ್ಲಿ ಅಕ್ಕಪಕ್ಕ ಹರಿದು ಕೂಡದೆ ಹೋದಂತೆ, ಬಹುಮಟ್ಟಿಗೆ ಇಂದಿಗೂ ಬೇರೆಬೇರೆಯಾಗಿಯೇ ಹರಿಯುತ್ತಿವೆ. ಇವುಗಳನ್ನು ಕೂಡಿಸಲು ದೊಡ್ಡ ಮೊತ್ತದ ಹಣಕ್ಕಿಂತ ಎಣಿಕೆಯ ಬದಲಾವಣೆ ಹೆಚ್ಚು ಅಗತ್ಯ. ಫೋಲಿಕ್ ಆಮ್ಲವನ್ನು ರೋಗನಿರೋಧದ ಹಕ್ಕೆಂದು ಎಲ್ಲ ವಿಮಾ ಯೋಜನೆಗಳಲ್ಲಿ ಬರೆಯುವುದು, ಮದುವೆಯ ನೋಂದಣಿಯ ಹೊತ್ತಿಗೇ ಅದನ್ನು ಕೈಗೆ ಮುಟ್ಟಿಸುವುದು, ರಾಜ್ಯದ ಗಡಿ ದಾಟಿದರೂ ಆ ಹಕ್ಕು ಜೊತೆಗೆ ಬರುವಂತೆ ಮಾಡುವುದು ಅಸಾಧ್ಯವಾದ ಕೆಲಸಗಳಲ್ಲ.

ಸಂಶೋಧಕರ ಪಾಲಿನ ಕೆಲಸವೂ ಉಳಿದಿದೆ. ಮುಂಬಯಿ ಶಾಸನ ಪರಿಷತ್ತಿನ ನಡವಳಿಗಳು, ಹಾಫ್‌ಕಿನ್ ಸಂಸ್ಥೆಯ ವರದಿಗಳು, ಮದರಾಸಿನ ಆಸ್ಪತ್ರೆಗಳ ದಾಖಲೆಗಳು, ಆ ಕಾಲದ ಕನ್ನಡ ಪತ್ರಿಕೆಗಳಲ್ಲಿ ಬಂದ ಆರೋಗ್ಯ ಲೇಖನಗಳು ಇವನ್ನೆಲ್ಲ ಒಟ್ಟಿಗೆ ಓದಿದರೆ, ಗರ್ಭಿಣಿಯ ಆಹಾರವನ್ನು ಕನ್ನಡಿಗರು ಯಾವಾಗ ಸಾರ್ವಜನಿಕ ಪ್ರಶ್ನೆಯಾಗಿ ಕಂಡರೆಂಬುದು ತಿಳಿದುಬರುತ್ತದೆ. ಈ ದಾಖಲೆಗಳಲ್ಲಿ ಬಹುಪಾಲು ಇರುವುದು ಕರ್ನಾಟಕದ ಹೊರಗಿನ ನಗರಗಳಲ್ಲಿ. ಆದುದರಿಂದ ಈ ಕೆಲಸ ಮೊದಲು ಹೊರನಾಡಿನ ವಿದ್ವಾಂಸರಿಗೆ ಸೇರಿದುದು.